ಸ್ಟಿರಾಯ್ಡ್ ಚಿಕಿತ್ಸೆ ಮತ್ತು ಮೂಳೆಗಳ ರಕ್ಷಣೆ

ಆಸ್ತಮಾ, ಸಂಧಿವಾತ, ಲೂಪಸ್, ಮೂತ್ರಪಿಂಡದ ಕೆಲವು ಕಾಯಿಲೆಗಳು ಮುಂತಾದವುಗಳಲ್ಲಿ ಪ್ರೆಡ್ನಿಸೊಲೋನ್‌ನಂತಹ ಸ್ಟಿರಾಯ್ಡ್ ಔಷಧಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸೇವಿಸಬೇಕಾಗುತ್ತದೆ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಮತ್ತು ಅವರ ಸಹೋದ್ಯೋಗಿಗಳು ಸಂಧಿವಾತದ ರೋಗಿಗೆ ಮೊದಲ ಬಾರಿಗೆ ಕಾರ್ಟಿಸೋನ್ ನೀಡಿದಾಗ ಕಂಡ ಗುಣವು ವೈದ್ಯಲೋಕವನ್ನೇ ಬೆರಗುಗೊಳಿಸಿತು. 1950ರಲ್ಲಿ ಹೆಂಚ್ ಅವರು ಇನ್ನಿಬ್ಬರು ವಿಜ್ಞಾನಿಗಳೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆದರೆ ಈ ಔಷಧಗಳ ದೀರ್ಘಕಾಲದ ಸೇವನೆಯಿಂದ ದುಷ್ಪರಿಣಾಮಗಳೂ ಉಂಟು. ಅವುಗಳಲ್ಲಿ ಮೂಳೆಗಳು ಟೊಳ್ಳಾಗುವ ಅಸ್ಥಿರಂಧ್ರತೆಯು ಮುಖ್ಯವಾದುದು.

ಮೂಳೆ ಸವೆಯುವುದೇಕೆ?

ಮೂಳೆಯು ಜೀವಂತ ಅಂಗಾಂಶ. ಅದರಲ್ಲಿ ಹಳೆಯ ಭಾಗ ಕರಗುತ್ತಲೂ ಹೊಸ ಭಾಗ ನಿರ್ಮಾಣವಾಗುತ್ತಲೂ ಇರುತ್ತದೆ. ಸ್ಟಿರಾಯ್ಡುಗಳು ಮೂಳೆ ಕಟ್ಟುವ ಜೀವಕೋಶಗಳನ್ನು ಕುಂಠಿತಗೊಳಿಸುತ್ತವೆ. ಕರುಳು ಸುಣ್ಣಾಂಶವನ್ನು ಹೀರಿಕೊಳ್ಳುವುದನ್ನು ತಗ್ಗಿಸುತ್ತವೆ. ಮೂತ್ರದಲ್ಲಿ ಅದು ಹೆಚ್ಚಾಗಿ ಹೊರಹೋಗುವಂತೆ ಮಾಡುತ್ತವೆ. ಸ್ನಾಯುಗಳೂ ದುರ್ಬಲವಾಗುವುದರಿಂದ ಬೀಳುವ ಸಂಭವ ಹೆಚ್ಚುತ್ತದೆ. ಚಿಕಿತ್ಸೆಯ ಮೊದಲ 3ರಿಂದ 6 ತಿಂಗಳಲ್ಲೇ ಸವಕಳಿ ತೀವ್ರವಾಗಿರುತ್ತದೆ. ಆಗ ನೋವಾಗಲಿ, ಬೇರೆ ಸೂಚನೆಯಾಗಲಿ ಇರುವುದಿಲ್ಲ. ಅನೇಕರಿಗೆ ಬೆನ್ನುಮೂಳೆ ಕುಸಿದಾಗಲೇ ವಿಷಯ ತಿಳಿಯುತ್ತದೆ.

ಯಾರು ಎಚ್ಚರದಿಂದಿರಬೇಕು?

ದಿನಕ್ಕೆ 2.5 ಮಿ.ಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನನ್ನು 3 ತಿಂಗಳಿಗೂ ಮೀರಿ ಸೇವಿಸುವವರೆಲ್ಲರೂ ಮೂಳೆಗಳ ಸ್ಥಿತಿಯ ಬಗ್ಗೆ ವೈದ್ಯರನ್ನು ಕೇಳಬೇಕು. ಮುಟ್ಟು ನಿಂತ ಸ್ತ್ರೀಯರು, ವೃದ್ಧರು, ಕೃಶಕಾಯರು, ಧೂಮಪಾನಿಗಳು ಹಾಗೂ ಹಿಂದೆ ಮೂಳೆ ಮುರಿದುಕೊಂಡವರಿಗೆ ಅಪಾಯ ಹೆಚ್ಚು. ಮೂಳೆಗಳ ಸಾಂದ್ರತೆಯನ್ನು ಡೆಕ್ಸಾ ಎಂಬ ನೋವಿಲ್ಲದ ಪರೀಕ್ಷೆಯಿಂದ ಅಳೆಯಬಹುದು.

ಆಹಾರ ಮತ್ತು ದಿನಚರಿ

ವಯಸ್ಕ ರೋಗಿಗೆ ದಿನಕ್ಕೆ 1000ದಿಂದ 1200 ಮಿ.ಗ್ರಾಂ ಸುಣ್ಣಾಂಶ ಬೇಕು. ನಮ್ಮವರಿಗೆ ಚಿರಪರಿಚಿತವಾದ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ, 200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಸುಣ್ಣಾಂಶವಿದೆ. ಮೊಸರು, ಎಳ್ಳು, ಸೊಪ್ಪುಗಳೂ ಉಪಯುಕ್ತ. ಸುಣ್ಣಾಂಶ ಮೈಗೆ ಹತ್ತಲು ‘ಡಿ’ ಜೀವಸತ್ವ ಅವಶ್ಯಕ. ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಬಿಸಿಲು ಕಾಣದೆ ದಿನ ಕಳೆಯುವವರಲ್ಲಿ ಅದರ ಕೊರತೆ ಸಾಮಾನ್ಯ. ಮೂತ್ರಪಿಂಡದ ಕಾಯಿಲೆ ಅಥವಾ ಕಲ್ಲು ಇರುವವರು ವೈದ್ಯರನ್ನು ಕೇಳದೆ ಸುಣ್ಣಾಂಶದ ಮಾತ್ರೆಗಳನ್ನು ಸೇವಿಸಬಾರದು.

ಶಕ್ತ್ಯನುಸಾರ ನಿತ್ಯವೂ ನಡೆಯುವುದು, ಧೂಮಪಾನ ಮತ್ತು ಮದ್ಯವನ್ನು ತ್ಯಜಿಸುವುದು, ಸ್ನಾನದ ಮನೆಯಲ್ಲಿ ಜಾರದಂತೆ ವ್ಯವಸ್ಥೆ ಮಾಡಿಕೊಳ್ಳುವುದು ಹಿತಕರ. ಅಗತ್ಯವಿದ್ದಲ್ಲಿ ವೈದ್ಯರು ಅಲೆಂಡ್ರೊನೇಟ್‌ನಂತಹ ಔಷಧವನ್ನು ಸೂಚಿಸುವರು. ಇದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರಿಯ ನೀರಿನೊಡನೆ ನುಂಗಿ, ಕನಿಷ್ಠ ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ ಇರಬೇಕು. ಇಲ್ಲವಾದರೆ ಅನ್ನನಾಳಕ್ಕೆ ಹಾನಿಯಾಗಬಹುದು.

ಔಷಧವನ್ನು ಥಟ್ಟನೆ ನಿಲ್ಲಿಸದಿರಿ

ಮೂಳೆ ಸವೆಯುವುದೆಂದು ಹೆದರಿ ಸ್ಟಿರಾಯ್ಡನ್ನು ತಾವಾಗಿಯೇ ನಿಲ್ಲಿಸುವುದು ಅತ್ಯಂತ ಅಪಾಯಕರ. ದೀರ್ಘಕಾಲ ಮಾತ್ರೆ ಸೇವಿಸಿದವರಲ್ಲಿ ಅಡ್ರಿನಲ್ ಗ್ರಂಥಿಗಳು ಸ್ವಂತ ಹಾರ್ಮೋನ್ ಉತ್ಪಾದನೆಯನ್ನು ತಗ್ಗಿಸಿರುತ್ತವೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಪ್ರಮಾಣವನ್ನು ಕ್ರಮೇಣ ಇಳಿಸುವುದು ವೈದ್ಯರ ಕೆಲಸ. ಹಾಗೆಯೇ ಕೀಲುನೋವಿಗೆಂದು ಹೆಸರುಪಟ್ಟಿಯಿಲ್ಲದ ಪುಡಿ, ಗುಳಿಗೆಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು.

ಹಠಾತ್ತನೆ ಬೆನ್ನುನೋವು ಬಂದರೆ, ಎತ್ತರ ಕುಗ್ಗಿದಂತೆ ಕಂಡರೆ, ತೊಡೆಸಂದಿನಲ್ಲಿ ನೋವು ಉಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸ್ಟಿರಾಯ್ಡ್ ಜೀವರಕ್ಷಕ ಔಷಧ. ಮೊದಲ ದಿನದಿಂದಲೇ ಮೂಳೆಗಳ ಬಗೆಗೂ ಕಾಳಜಿ ವಹಿಸಿದಲ್ಲಿ ಅದರ ಪ್ರಯೋಜನವನ್ನು ಹೆಚ್ಚು ಸುರಕ್ಷಿತವಾಗಿ ಪಡೆಯಬಹುದು.