ಚೀಲ ಮುಚ್ಚುವ ಯಂತ್ರದ ಸದ್ದು ಮತ್ತು ಕಿವಿಯ ಆರೋಗ್ಯ

ಹಿಟ್ಟಿನ ಚೀಲಗಳನ್ನು ಕಾಯಿಸಿ ಮುಚ್ಚುವ ಘಟಕವೊಂದರಲ್ಲಿ ದುಡಿಯುವ ತಾಯಿಯೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದರು. ಮನೆ ಸೇರಿದ ಮೇಲೂ ಕಿವಿಯಲ್ಲಿ ಮೊರೆತ. ಮೊಮ್ಮಗಳ ಮೆಲುದನಿ ಕೇಳಿಸದು. ಕಿವಿಗೆ ಹಾಕಲು ಎಣ್ಣೆ ಬೇಕೆಂದರು. ನಾವು ಮೊದಲು ವಿಚಾರಿಸಿದ್ದು ಅವರ ಪಕ್ಕದ ಯಂತ್ರವನ್ನು ಕುರಿತು.

ಇಂದ್ರಿಯವಿಷಯಗಳ ಅತಿಯೋಗವನ್ನು ಚರಕಾಚಾರ್ಯರು ರೋಗಕಾರಣಗಳಲ್ಲಿ ಎಣಿಸಿದ್ದಾರೆ. ಅತಿಶಬ್ದವೂ ಅದರಲ್ಲಿ ಸೇರಿದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟವು; ಯಾವ ತೈಲವೂ ಅವನ್ನು ಮರಳಿ ತರಲಾರದು. ದಿನಕ್ಕೆ 8 ಗಂಟೆ 85 ಡೆಸಿಬಲ್ ಮೀರಿದ ಸದ್ದಿನಲ್ಲಿರುವುದು ಅಪಾಯಕರ. ಕೈಯಳತೆಯಲ್ಲಿರುವವರೊಡನೆ ದನಿಯೇರಿಸಿ ಮಾತನಾಡಬೇಕಾದರೆ ಸದ್ದು ಮಿತಿಮೀರಿದೆಯೆಂದೇ ತಿಳಿಯಬೇಕು.

ಸದ್ದನ್ನು ಹುಟ್ಟುವಲ್ಲಿಯೇ ತಗ್ಗಿಸುವುದು ಉತ್ತಮ. ಗಾಳಿಯೊತ್ತಡದ ಯಂತ್ರದಲ್ಲಿ ಪ್ರತಿ ಸಲವೂ ಗಾಳಿ ರಭಸದಿಂದ ಹೊರನುಗ್ಗುತ್ತದೆ. ಆ ಕಿಂಡಿಗೆ ಸೈಲೆನ್ಸರ್ ಅಳವಡಿಸಿ, ಧೂಳು ಕಟ್ಟಿದಾಗ ಬದಲಿಸಬೇಕು. ಬೆಸುಗೆ ಕೆಡದಷ್ಟು ಮಟ್ಟಿಗೆ ಒತ್ತಡವನ್ನೂ, ದವಡೆಗಳು ಬಡಿಯುವ ವೇಗವನ್ನೂ ಇಳಿಸಬೇಕು. ಸಡಿಲ ಬೋಲ್ಟುಗಳನ್ನು ಬಿಗಿದು, ಯಂತ್ರದ ಕಾಲಡಿಗೆ ರಬ್ಬರಿನ ಮೆತ್ತೆಯಿಡಬೇಕು. ಕಂಪ್ರೆಸರನ್ನು ಗಾಳಿಯಾಡುವ ಬೇರೆ ಕೋಣೆಗೆ ಸಾಗಿಸಬೇಕು. ಇಷ್ಟಾದರೂ ಉಳಿದ ಸದ್ದಿಗೆ ಕಿವಿರಕ್ಷಕ ಧರಿಸಬೇಕು. ಹತ್ತಿಯ ಉಂಡೆ ಸಾಲದು.

ಆ ತಾಯಿಗೆ ಎಣ್ಣೆ ಕೊಡದೆ ಶ್ರವಣ ಪರೀಕ್ಷೆಗೆ ಕಳುಹಿಸಿದೆವು. ಕಳೆದ ಶ್ರವಣಶಕ್ತಿ ಮರಳದಿರಬಹುದು, ಉಳಿದುದನ್ನು ಕಾಯಬಹುದು. ಘಟಕ ನಡೆಸುವ ಸದ್ಭಕ್ತರು ನಾಳೆಯೇ ಒಮ್ಮೆ ತಮ್ಮ ಯಂತ್ರದ ಬಳಿ ನಿಂತು ಆಲಿಸಬೇಕೆಂದು ನಮ್ಮ ವಿನಂತಿ.