ಬರೆಯುವ ಕೈಗಳೆಷ್ಟು?

2001ರ ಜನವರಿಯಲ್ಲಿ ವಿಕಿಪೀಡಿಯ ಶುರುವಾದಾಗ ಅದಕ್ಕೆ ಡೇಟಾಬೇಸ್ ಇರಲಿಲ್ಲ. ಪರ್ಲ್ ಭಾಷೆಯಲ್ಲಿ ಬರೆದ ಯೂಸ್‌ಮಾಡ್‌ವಿಕಿ ಎಂಬ ತಂತ್ರಾಂಶ ಲೇಖನಗಳನ್ನು ಸಾದಾ ಫೈಲುಗಳಲ್ಲಿ ಇಡುತ್ತಿತ್ತು. ಬರೆಯುವವರು ಕೆಲವೇ ಮಂದಿ ಇದ್ದಷ್ಟು ದಿನ ಅದು ಚೆನ್ನಾಗಿಯೇ ನಡೆಯಿತು. ಜನ ಹೆಚ್ಚಿದ ಮೇಲೆ ತಡೆಯಲಿಲ್ಲ. ಮರುವರ್ಷದ ಜನವರಿಯಲ್ಲಿ, ಜರ್ಮನಿಯ ಮ್ಯಾಗ್ನಸ್ ಮಾನ್ಸ್ಕೆ ಬರೆದ ಹೊಸ ತಂತ್ರಾಂಶದ ಜೊತೆಗೆ ಇಂಗ್ಲಿಷ್ ವಿಕಿಪೀಡಿಯ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಬಂತು. ಇವತ್ತು ಕನ್ನಡ ವಿಕಿಪೀಡಿಯವೂ ಅದೇ ವಂಶದ ಮಾರಿಯಾಡಿಬಿಯ ಮೇಲೆ ನಿಂತಿದೆ.

ಸಂಘಕ್ಕೋ ಶಾಲೆಗೋ ಪುಸ್ತಕದಂಗಡಿಗೋ ಜಾಲತಾಣ ಮಾಡಿಸುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ: ಮಾಹಿತಿಯನ್ನು ಜೇಸನ್ ಅಥವಾ ಎಕ್ಸ್‌ಎಂಎಲ್ ಎಂಬ ಪಠ್ಯರೂಪದ ಫೈಲಿನಲ್ಲಿ ಇಟ್ಟುಕೊಂಡರೆ ಸಾಲದೇ, ಡೇಟಾಬೇಸ್ ಬೇಕೇಬೇಕೇ? ಎಲ್ಲರೂ ಮೊದಲು ಮಾಹಿತಿ ಎಷ್ಟಿದೆ ಎಂದು ನೋಡುತ್ತಾರೆ. ಒಂದೇ ಹೊತ್ತಿಗೆ ಎಷ್ಟು ಜನ ಅದನ್ನು ತಿದ್ದುತ್ತಾರೆ ಎಂದು ಮೊದಲು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ನಾಟಕವೊಂದರ ಸೀಟುಗಳ ಪಟ್ಟಿ ಜೇಸನ್ ಫೈಲಿನಲ್ಲಿದೆ ಎನ್ನಿ. ಮೈಸೂರಿನಿಂದ ಒಬ್ಬರು, ಧಾರವಾಡದಿಂದ ಇನ್ನೊಬ್ಬರು ಒಂದೇ ಕ್ಷಣದಲ್ಲಿ ಸೀಟು ಕಾದಿರಿಸುತ್ತಾರೆ. ಪ್ರೋಗ್ರಾಂ ಇಬ್ಬರ ಸಲುವಾಗಿಯೂ ಫೈಲನ್ನು ಓದುತ್ತದೆ, ಅವರವರ ಹೆಸರು ಸೇರಿಸುತ್ತದೆ, ಇಡೀ ಫೈಲನ್ನು ಮತ್ತೆ ಬರೆಯುತ್ತದೆ. ಕೊನೆಗೆ ಬರೆದದ್ದು ಉಳಿಯುತ್ತದೆ, ಮೊದಲಿನವರ ಹೆಸರು ಅಳಿಸಿಹೋಗುತ್ತದೆ. ತಪ್ಪಾಗಿದೆ ಎಂದು ಯಾರಿಗೂ ಸೂಚನೆ ಬರುವುದಿಲ್ಲ. ದುಡ್ಡು ಕೊಟ್ಟವರು ರಂಗಮಂದಿರದ ಬಾಗಿಲಿಗೆ ಬಂದಾಗಲೇ ಗೊತ್ತಾಗುವುದು. ಬರೆಯುತ್ತಿರುವಾಗ ಕರೆಂಟು ಹೋದರಂತೂ ಇನ್ನೂ ಕಷ್ಟ. ಕೊನೆಯ ಆವರಣ ಚಿಹ್ನೆಯೊಂದು ಬೀಳದೆ ಉಳಿದರೂ ಸಾಕು, ಇಡೀ ಫೈಲು ಓದಲು ಬಾರದಂತಾಗುತ್ತದೆ. ಫೈಲಿಗೆ ಬೀಗ ಹಾಕುವ ಕೋಡ್ ಬರೆದುಕೊಳ್ಳಬಹುದು ನಿಜ. ಆದರೆ ಹಾಗೆ ಒಂದೊಂದೇ ಸೇರಿಸುತ್ತ ಹೋದರೆ ಕೊನೆಗೆ ಅರೆಬರೆ ಡೇಟಾಬೇಸೊಂದನ್ನು ನಾವೇ ಕಟ್ಟಿರುತ್ತೇವೆ.

ಡೇಟಾಬೇಸಿನಲ್ಲಿ ಕಾದಿರಿಸುವ ಕೆಲಸ ಪೂರ್ತಿಯಾಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ಒಂದು ಸೀಟಿಗೆ ಒಂದೇ ಹೆಸರು ಎಂಬ ನಿಯಮವನ್ನು ಟೇಬಲ್ಲಿಗೇ ಹೇಳಿಟ್ಟರೆ, ಪ್ರೋಗ್ರಾಂ ಎಡವಿದರೂ ಅದು ಎರಡನೆಯ ಹೆಸರನ್ನು ಒಳಗೆ ಬಿಡುವುದಿಲ್ಲ.

ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಈ ಬಗೆಯ ಡೇಟಾಬೇಸುಗಳಿಗೆಲ್ಲ ತಾಯಿಬೇರು. ಮಾಹಿತಿಯನ್ನು ಟೇಬಲ್ಲುಗಳಲ್ಲಿ ಹಂಚಿಟ್ಟು, ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಬೇಕಾದಾಗ ಜೋಡಿಸಿಕೊಳ್ಳುವುದು ಅದರ ಹಾದಿ. ಇದರ ಬೆಲೆ ವಿಕಿಪೀಡಿಯಕ್ಕೂ ತಡವಾಗಿಯೇ ತಿಳಿಯಿತು. ಅಲ್ಲಿ ಹಿಂದೆ ಪ್ರತಿಯೊಂದು ತಿದ್ದುಪಡಿಯ ಪಕ್ಕದಲ್ಲೂ ತಿದ್ದಿದವರ ಹೆಸರು ಇರುತ್ತಿತ್ತು. ಸಾವಿರಾರು ಕಡೆ ತಿದ್ದಿದವರೊಬ್ಬರು ಹೆಸರು ಬದಲಿಸಿಕೊಂಡರೆ ಅಷ್ಟೂ ಸಾಲುಗಳನ್ನು ಬದಲಿಸಬೇಕಿತ್ತು. ಈಗ ಹೆಸರುಗಳಿಗೇ ಒಂದು ಟೇಬಲ್ ಇದೆ, ಅಲ್ಲಿ ಒಂದು ಸಾಲು ಬದಲಿಸಿದರೆ ಆಯಿತು.

ಹಾಗೆಂದು ಎಲ್ಲದಕ್ಕೂ ಡೇಟಾಬೇಸ್ ಬೇಡ. ಹಳ್ಳಿಯ ಶಾಲೆಯ ತಾಣವನ್ನು ಒಬ್ಬರೇ ಮೇಷ್ಟ್ರು ತಿಂಗಳಿಗೊಮ್ಮೆ ತಿದ್ದಿ, ಉಳಿದವರೆಲ್ಲ ಓದುವುದಷ್ಟೇ ಆದರೆ ಫೈಲೇ ಲೇಸು. ಕಾಯಬೇಕಾದ ಡೇಟಾಬೇಸ್ ಪಾಸ್‌ವರ್ಡ್ ಇರುವುದಿಲ್ಲ, ಕೆಡುವ ಭಾಗಗಳೂ ಕಡಿಮೆ. ಸ್ವಲ್ಪ ಹೆಚ್ಚು ಬೇಕೆನ್ನುವವರಿಗೆ ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಇದೆ. ಪ್ರತ್ಯೇಕ ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿರುತ್ತದೆ. ದಿನಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಭೇಟಿ ಇರುವ ತಾಣಕ್ಕೆ ಸಾಮಾನ್ಯವಾಗಿ ಇದು ಸಾಕು ಎಂದು ಅದರ ಕೈಪಿಡಿಯೇ ಹೇಳುತ್ತದೆ. ನಮ್ಮ ಬಹುಪಾಲು ಸಂಘಸಂಸ್ಥೆಗಳ ತಾಣಗಳಿಗೆ ಇದಕ್ಕಿಂತ ದೊಡ್ಡದು ಬೇಕಿಲ್ಲವೆಂದೇ ನನಗನ್ನಿಸುತ್ತದೆ.

ಎರಡನ್ನೂ ಬೆರೆಸುವ ದಾರಿಯೂ ಇದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ 2012ರಿಂದ ಟೇಬಲ್ಲಿನ ಒಳಗೇ ಜೇಸನ್ ಇಡಲು ಬಿಡುತ್ತದೆ. ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾದ ಪ್ರತಿಯೊಂದು ನಮೂದೂ ಜೇಸನ್ ರೂಪದಲ್ಲಿದ್ದು ಡೇಟಾಬೇಸಿನ ಆಶ್ರಯದಲ್ಲಿ ಬದುಕುತ್ತದೆ. ಪುಸ್ತಕದಂಗಡಿಯವರು ಪುಸ್ತಕದ ಅಳತೆ, ರಟ್ಟಿನ ಬಗೆ ಮುಂತಾದ ವಿವರವನ್ನು ಜೇಸನ್‌ನಲ್ಲಿ ಸುರಿದಿಡಬಹುದು. ಲೇಖಕರ ಹೆಸರು, ಬೆಲೆ, ಉಳಿದ ಪ್ರತಿಗಳನ್ನು ಜನ ದಿನವೂ ಹುಡುಕುತ್ತಾರೆ, ಅವಕ್ಕೆ ಸ್ವಂತ ಕಾಲಂ ಇರಲಿ.

ಜೇಸನ್, ಎಕ್ಸ್‌ಎಂಎಲ್‌ಗಳ ನಿಜವಾದ ಕಸುವು ಕಾಣುವುದು ಮಾಹಿತಿ ಮನೆ ಬಿಟ್ಟು ಹೊರಡುವಾಗ. ಕನ್ನಡ ವಿಕಿಪೀಡಿಯದ ಅಷ್ಟೂ ಲೇಖನಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕನ್ನಡದ ಭಾಷಾ ತಂತ್ರಜ್ಞಾನದಲ್ಲಿ ಕೆಲಸ ಮಾಡುವವರು ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ, ಡೇಟಾಬೇಸಿನ ಬಾಗಿಲು ತಟ್ಟಬೇಕಿಲ್ಲ. ನಮ್ಮ ಸಣ್ಣ ತಾಣಗಳಿಗೆ ಈ ಅನುಕೂಲ ಇರುವುದು ಅಪರೂಪ. ಮಾಡಿಕೊಟ್ಟವರು ಊರು ಬಿಟ್ಟರೆ ಪಾಸ್‌ವರ್ಡೂ ಅವರ ಜೊತೆಗೇ ಹೋಗುತ್ತದೆ, ವರ್ಷಗಟ್ಟಲೆ ಕೂಡಿಸಿದ ಬರಹ ಸರ್ವರಿನ ಬಾಡಿಗೆ ಮುಗಿದ ದಿನ ಇಲ್ಲವಾಗುತ್ತದೆ. ಜಾಲತಾಣ ಮಾಡಿಸುವವರು ಒಪ್ಪಂದದಲ್ಲೇ ಒಂದು ಸಾಲು ಬರೆಸಿಕೊಳ್ಳಲಿ: ಒಳಗೆ ಯಾವ ಡೇಟಾಬೇಸ್ ಇದ್ದರೂ, ಪ್ರತಿ ತಿಂಗಳು ಅದರ ಒಂದು ಪೂರ್ತಿ ಪ್ರತಿ ಜೇಸನ್ ರೂಪದಲ್ಲಿ ನಮ್ಮ ಕೈಗೆ ಬರಬೇಕು.