ಬ್ಲ್ಯಾಕ್‌ಬೆರಿ: ಪೊದೆಯಿಂದ ಭರಣಿಗೆ

ಆಗಸ್ಟ್ ತಿಂಗಳು ಬಂತೆಂದರೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್, ಆರೆಗನ್ ರಾಜ್ಯಗಳಲ್ಲಿ ಯಾರೂ ನೆಡದ, ಯಾರೂ ನೀರುಣಿಸದ ಹಣ್ಣೊಂದು ರಾಶಿರಾಶಿಯಾಗಿ ಬಿಡುತ್ತದೆ. ಹೊಳೆದಂಡೆ, ಪಾಳುಬಿದ್ದ ನಿವೇಶನ, ಸೈಕಲ್ ದಾರಿಯ ಅಂಚು, ಹೀಗೆ ಬಿಸಿಲು ಬೀಳುವಲ್ಲೆಲ್ಲ ಆಳೆತ್ತರ ಮೀರಿದ ಮುಳ್ಳುಪೊದೆ, ಪೊದೆ ತುಂಬ ಕಪ್ಪು ಗೊಂಚಲು. ಸಿಯಾಟಲ್, ರೆಡ್ಮಂಡ್ ಕಡೆ ನೆಲೆಸಿದ ಕನ್ನಡಿಗರಿಗೂ ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬಂದುಹೋಗುವ ಅಪ್ಪ ಅಮ್ಮಂದಿರಿಗೂ ಇದು ಕಂಡು ಗೊತ್ತಿರುವ ಗಿಡ. ಸಂಜೆ ವಾಕಿಂಗ್ ಹೊರಟವರು ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡು ಮುಂದೆ ನಡೆಯುತ್ತಾರೆ. ಉಳಿದದ್ದರಲ್ಲಿ ಒಂದಿಷ್ಟು ಹಕ್ಕಿಗೆ, ಮಿಕ್ಕಿದ್ದು ಮಣ್ಣಿಗೆ. ಅಷ್ಟು ಒಳ್ಳೆಯ ಹಣ್ಣು ಹಾಗೆ ಕೊಳೆತುಹೋಗುವುದು ನೋಡಲಾಗದ ಸಂಗತಿ.

ಈ ಪೊದೆ ಅಲ್ಲಿಯದಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿದ್ದ ಹೆಸರಾಂತ ಸಸ್ಯ ತಳಿಗಾರ ಲೂಥರ್ ಬರ್‌ಬ್ಯಾಂಕ್ ಭಾರತದಿಂದ ತರಿಸಿದ ಬೀಜದಿಂದ ಇದನ್ನು ಬೆಳೆಸಿ, 1885ರ ಸುಮಾರಿಗೆ ‘ಹಿಮಾಲಯ ಜೈಂಟ್’ ಎಂದು ಮಾರುಕಟ್ಟೆಗೆ ಬಿಟ್ಟರು. ಗಿಡದ ಮೂಲ ಮಾತ್ರ ಆರ್ಮೇನಿಯ ಮತ್ತು ಉತ್ತರ ಇರಾನ್. ತೋಟದಿಂದ ತಪ್ಪಿಸಿಕೊಂಡ ಮೇಲೆ ಇದನ್ನು ಹಿಡಿಯುವವರೇ ಇಲ್ಲವಾಯಿತು. ಹಕ್ಕಿಗಳು ಬೀಜ ಹರಡುತ್ತವೆ. ಬಳುಕಿದ ಕೊಂಬೆಯ ತುದಿ ನೆಲ ಮುಟ್ಟಿದರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ವಾಷಿಂಗ್ಟನ್ ರಾಜ್ಯ ಇದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಕಾಡಿನ ಪಾಲನ್ನು ಕಿತ್ತುಕೊಂಡೆವೆಂಬ ಅಳುಕಿಲ್ಲದೆ ಬುಟ್ಟಿ ತುಂಬಿಸಬಹುದು. ಅಲ್ಲಿನ ಸ್ಥಳೀಯ ಬ್ಲ್ಯಾಕ್‌ಬೆರಿಯೇ ಬೇರೆ. ಅದು ನೆಲಕ್ಕೆ ಹಬ್ಬುವ ತೆಳ್ಳನೆಯ ಬಳ್ಳಿ, ಎಲೆಗೆ ಮೂರೇ ದಳ, ಹಣ್ಣು ಚಿಕ್ಕದು, ಪರಿಮಳ ಹೆಚ್ಚು. ಹೊರಗಿನಿಂದ ಬಂದದ್ದಕ್ಕೆ ಸಾಮಾನ್ಯವಾಗಿ ಐದು ದಳ, ಎಲೆಯಡಿ ಬಿಳಿಛಾಯೆ, ಹೆಬ್ಬೆರಳಿನಷ್ಟು ದಪ್ಪದ ಏಣುಳ್ಳ ಕಾಂಡ. ಸ್ಥಳೀಯ ಬಳ್ಳಿ ಕಂಡರೆ ರುಚಿಗೆ ಒಂದೆರಡು ಕಿತ್ತು ಸುಮ್ಮನಾಗುವುದು ಒಳ್ಳೆಯದು.

ಬಳಕೆಯ ಮಾತಿಗೆ ಬರೋಣ. ಬ್ಲ್ಯಾಕ್‌ಬೆರಿಯ ವಿಷಯದಲ್ಲಿ ತಿಳಿಯಬೇಕಾದ್ದು ಹಣ್ಣಿನ ಹದ. ಬಾಳೆ, ಮಾವಿನಂತೆ ಇದನ್ನು ಕೊಯ್ದು ತಂದು ಮಾಗಿಸಲು ಬರುವುದಿಲ್ಲ. ಗಿಡದಲ್ಲಿ ಎಷ್ಟು ಮಾಗಿತ್ತೋ ಅಷ್ಟೇ. ಮಿರಮಿರ ಹೊಳೆಯುವ ಕಪ್ಪು ಹಣ್ಣು ಕಣ್ಣು ಸೆಳೆಯುತ್ತದೆ, ಆದರೆ ಕಚ್ಚಿದರೆ ಹುಳಿ. ಇನ್ನೆರಡು ದಿನ ಬಿಟ್ಟರೆ ಆ ಹೊಳಪು ಆರಿ ಮೈ ಮಂಕಾಗುತ್ತದೆ, ಕಾಳುಗಳು ಉಬ್ಬುತ್ತವೆ, ಬೆರಳು ತಾಗಿಸಿದರೆ ಸಾಕು, ಕೈಗೆ ಬರುತ್ತದೆ. ಹಾಗೇ ತಿನ್ನಲು ಈ ಮಂಕು ಹಣ್ಣು. ಜಾಮಿಗೆ ಹೊಳೆಯುವುದೂ ಬೇಕು, ನಾಲ್ಕರಲ್ಲೊಂದು ಪಾಲು ಕೆಂಪು ದೋರೆಯೂ ಬೇಕು. ಯಾಕೆಂದು ಮುಂದೆ ಹೇಳುತ್ತೇನೆ. ಗೊಂಚಲಿನ ತುದಿಯ ಹಣ್ಣು ಮೊದಲು ಮಾಗುವುದರಿಂದ ಒಂದೇ ಗೊಂಚಲಿನಲ್ಲಿ ಎಲ್ಲ ಹದವೂ ಸಿಗುತ್ತದೆ. ಎರಡು ಡಬ್ಬಿ ಒಯ್ದು ಅಲ್ಲೇ ಬೇರ್ಪಡಿಸಿಕೊಂಡರೆ ಮನೆಯ ಕೆಲಸ ಅರ್ಧ ಮುಗಿದಂತೆ. ದೊಡ್ಡ ರಸ್ತೆಯ ಪಕ್ಕದ, ರೈಲುಹಳಿಯ ಬದಿಯ ಪೊದೆ ಬೇಡ. ಕಳೆಯೆಂದು ಪಟ್ಟಿಯಾದ ಗಿಡಕ್ಕೆ ಅಲ್ಲೆಲ್ಲ ಕಳೆನಾಶಕ ಹೊಡೆದಿರಬಹುದು.

ಮನೆಗೆ ತಂದ ಹಣ್ಣನ್ನು ತಕ್ಷಣ ತೊಳೆದಿಡುವುದು ತಪ್ಪು. ಕಾಳುಗಳ ಸಂದಿಯಲ್ಲಿ ನೀರು ನಿಂತರೆ ಮರುದಿನವೇ ಬೂಷ್ಟು. ಅಗಲ ಪಾತ್ರೆಯಲ್ಲಿ ತೆಳುವಾಗಿ ಹರಡಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಾಳುತ್ತದೆ. ಬಳಸುವ ಹೊತ್ತಿಗೆ ತೊಳೆದರಾಯಿತು. ಸೀಸನ್ನಿನ ಕೊನೆಯ ಹಣ್ಣುಗಳಲ್ಲಿ ಸಣ್ಣ ಬಿಳಿ ಹುಳು ಕಾಣಬಹುದು. ಏಷ್ಯಾ ಮೂಲದ, ರೆಕ್ಕೆಯ ಮೇಲೆ ಚುಕ್ಕೆಯಿರುವ ಹಣ್ಣುನೊಣವೊಂದು 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡು, ಮರುವರ್ಷವೇ ಈ ರಾಜ್ಯಗಳಿಗೂ ಬಂತು. ಇತರ ಹಣ್ಣುನೊಣಗಳು ಕೊಳೆತದ್ದನ್ನು ಹುಡುಕಿದರೆ ಇದು ಚೆನ್ನಾಗಿರುವ ಹಣ್ಣನ್ನೇ ಕೊರೆದು ಮೊಟ್ಟೆಯಿಡುತ್ತದೆ. ಉಪ್ಪುನೀರಿನಲ್ಲಿ ಕಾಲು ಗಂಟೆ ನೆನೆಸಿದರೆ ಹುಳುಗಳು ಹೊರಬರುತ್ತವೆ.

ಕಾಪಿಡುವ ಅತಿ ಸುಲಭದ ದಾರಿ ಫ್ರೀಜರ್. ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ಕರಗಿಸಿದಾಗ ಅಲ್ಲಲ್ಲಿ ಕಾಳುಗಳು ಕೆಂಪಾಗಿ ಕಂಡರೆ ಕೆಟ್ಟಿತೆಂದು ಎಸೆಯಬೇಡಿ. ಜೀವಕೋಶ ಒಡೆದು ಬಣ್ಣ ಬದಲಾಗಿರುತ್ತದೆ, ಅಷ್ಟೆ.

ಆದರೆ ಬ್ಲ್ಯಾಕ್‌ಬೆರಿಯ ನಿಜವಾದ ಗುಣ ಗೊತ್ತಾಗುವುದು ಜಾಮಿನಲ್ಲಿ. ಜಾಮ್ ಹೆಪ್ಪುಗಟ್ಟಲು ಮೂರು ಬೇಕು: ಪೆಕ್ಟಿನ್, ಹುಳಿ, ಸಕ್ಕರೆ. ಪೆಕ್ಟಿನ್ ಎಂದರೆ ಹಣ್ಣಿನ ಕೋಶಗಳನ್ನು ಹಿಡಿದಿಡುವ ಅಂಟು. ಹಣ್ಣು ಮಾಗಿದಂತೆ ಈ ಅಂಟು ಒಡೆಯುತ್ತ ಹೋಗುತ್ತದೆ, ಹಣ್ಣು ಮೆತ್ತಗಾಗುವುದೇ ಹಾಗೆ. ಪೂರ್ತಿ ಮಾಗಿದ್ದನ್ನಷ್ಟೇ ಬಳಸಿದರೆ ಸಿಹಿ ಪಾಕ ಸಿಗುತ್ತದೆ, ಜಾಮ್ ಸಿಗುವುದಿಲ್ಲ. ಕೆಂಪು ದೋರೆಯಲ್ಲಿ ಅಂಟೂ ಇದೆ, ಹುಳಿಯೂ ಇದೆ. ಆ ಕಾಲು ಪಾಲಿನ ಲೆಕ್ಕ ಇದಕ್ಕೇ. ದೋರೆ ಸಿಗದಿದ್ದರೆ ಒಂದು ಹುಳಿ ಸೇಬನ್ನು ಸಿಪ್ಪೆಸಮೇತ ತುರಿದು ಹಾಕಿ, ಮೇಲೆ ನಿಂಬೆರಸ ಹಿಂಡಿ.

ಒಂದು ಕಿಲೋ ಹಣ್ಣನ್ನು ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಕಬ್ಬಿಣ, ಅಲ್ಯುಮಿನಿಯಂ ಬೇಡ, ಹುಳಿ ಅವುಗಳ ಜೊತೆ ಸೇರಿ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತದೆ. ಬೀಜ ಹಲ್ಲಿಗೆ ಸಿಗುವುದು ಇಷ್ಟವಿಲ್ಲದವರು ಅರ್ಧದಷ್ಟನ್ನು ಜರಡಿಯಲ್ಲಿ ಸೋಸಬಹುದು. ಪೂರ್ತಿ ಸೋಸಿದರೆ ಹಣ್ಣಿನ ಸ್ವಭಾವವೇ ಹೋಯಿತೆಂದು ನನ್ನ ಅನಿಸಿಕೆ. ಹಣ್ಣು ಕರಗಿದ ಮೇಲೆ 800 ಗ್ರಾಂನಿಂದ ಒಂದು ಕಿಲೋವರೆಗೆ ಸಕ್ಕರೆ ಹಾಕಿ, ಕರಗಿದೊಡನೆ ಉರಿ ಏರಿಸಿ. ಮೊದಲು ನೊರೆ ಮೇಲೇರುತ್ತದೆ, ಗುಳ್ಳೆ ಸಣ್ಣದಾಗಿ ಗಲಗಲ ಎನ್ನುತ್ತದೆ. ನೀರು ಆವಿಯಾಗುತ್ತ ಬಂದಂತೆ ಗುಳ್ಳೆಗಳು ದಪ್ಪಗಾಗಿ, ನಿಧಾನವಾಗಿ, ಬೊಳ್ ಬೊಳ್ ಎಂದು ಒಡೆಯತೊಡಗುತ್ತವೆ. ಮೈಸೂರು ಪಾಕಿಗೆ ಎಳೆಪಾಕ ನೋಡುವವರ ಕಣ್ಣಿದ್ದರೆ ಇಲ್ಲಿಯೂ ಹದ ತಪ್ಪುವುದಿಲ್ಲ. ಫ್ರೀಜರಿನಲ್ಲಿ ತಣ್ಣಗಾದ ತಟ್ಟೆಗೆ ಒಂದು ಹನಿ ಬಿಟ್ಟು, ನಿಮಿಷ ಕಾದು, ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಒಲೆ ಆರಿಸುವ ಹೊತ್ತು.

ಥರ್ಮಾಮೀಟರ್ ಬಳಸುವವರಿಗೆ ಪುಸ್ತಕಗಳು 104 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಸಿಯಾಟಲ್‌ಗೂ ಮಂಗಳೂರಿಗೂ ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಜಾಮಿನ ಹದ 101ಕ್ಕೇ ಬಂದಿರುತ್ತದೆ. ಅಲ್ಲಿಯೂ 104ರವರೆಗೆ ಕಾಯುತ್ತ ಕೂತರೆ ಚಮಚ ಮುರಿಯುವಷ್ಟು ಗಟ್ಟಿ ಜಾಮ್. ನೆಲ್ಲಿ, ನೇರಳೆ, ಅನಾನಸ್ ಜಾಮಿಗೂ ಇದೇ ಲೆಕ್ಕ.

ಕುದಿನೀರಿನಲ್ಲಿ ಕಾಯಿಸಿದ ಬಿಸಿ ಗಾಜಿನ ಭರಣಿಗೆ ಬಿಸಿ ಜಾಮ್ ತುಂಬಿ, ಮೇಲೆ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟು ಮುಚ್ಚಿ, ಭರಣಿ ಮುಳುಗುವಷ್ಟು ಕುದಿನೀರಿನಲ್ಲಿ 10 ನಿಮಿಷ ಇಡಬೇಕು. ತಣ್ಣಗಾದಂತೆ ಮುಚ್ಚಳ ಒಳಗೆ ಕುಸಿದು ಬಿಗಿಯಾಗುತ್ತದೆ. ಬ್ಲ್ಯಾಕ್‌ಬೆರಿ ಹುಳಿ ಹಣ್ಣಾದ್ದರಿಂದ, ಪ್ರಾಣಕ್ಕೇ ಎರವಾಗುವ ಬಾಟ್ಯುಲಿಸಮ್ ಬ್ಯಾಕ್ಟೀರಿಯ ಇದರಲ್ಲಿ ಬೆಳೆಯಲಾರದು. ಅದೇ ಧೈರ್ಯದಲ್ಲಿ ತರಕಾರಿ, ಬೇಳೆಯನ್ನು ಹೀಗೆ ಭರಣಿಗೆ ಹಾಕಲು ಹೋಗಬಾರದು. ತೆರೆದ ಜಾಮಿನ ಮೇಲೆ ಬೂಷ್ಟು ಕಂಡರೆ ಕೆನೆಯಂತೆ ತೆಗೆದುಹಾಕಿ ತಿನ್ನುವುದಲ್ಲ, ಇಡೀ ಭರಣಿಯನ್ನೇ ಚೆಲ್ಲಬೇಕು.

ಅತಿಯಾಗಿ ಮಾಗಿ ನಲುಗಿದ ಹಣ್ಣಿಗೆ ಸೇಬಿನ ವಿನೆಗರ್ ಒಳ್ಳೆಯ ಜೊತೆ. ಹಣ್ಣು ಮುಳುಗುವಷ್ಟು ವಿನೆಗರ್ ಸುರಿದು ಮೂರು ನಾಲ್ಕು ದಿನ ಫ್ರಿಜ್ಜಿನಲ್ಲಿಟ್ಟು, ಹಿಂಡದೆ ಸೋಸಿ, ರಸದಷ್ಟೇ ಸಕ್ಕರೆ ಸೇರಿಸಿ ಒಂದು ಕುದಿ ಕುದಿಸಿ. ಎರಡು ಚಮಚಕ್ಕೆ ತಣ್ಣೀರು ಬೆರೆಸಿದರೆ ಮುರುಗಲು ಪಾನಕ ಕುಡಿದವರಿಗೆ ತಕ್ಷಣ ಹಿಡಿಸುವ ಶರಬತ್ತು. ಬೀಜ ಸೋಸಿದ ತಿರುಳನ್ನು ಸೇಬಿನ ತಿರುಳಿನೊಡನೆ ಕಲಸಿ, ಓವನ್ನಿನಲ್ಲಿ 60 ಡಿಗ್ರಿಯಲ್ಲಿ ಆರೆಂಟು ಗಂಟೆ ಒಣಗಿಸಿದರೆ ಕರಾವಳಿಯ ಮಾಂಬಳದಂಥ ಹಾಳೆ ಸಿಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಸಾಲಿಶ್ ಜನ ಸ್ಥಳೀಯ ಬ್ಲ್ಯಾಕ್‌ಬೆರಿಯನ್ನು ಜಜ್ಜಿ, ಬಿಲ್ಲೆಗಳಾಗಿ ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಸಕ್ಕರೆಯ ಹಂಗಿಲ್ಲದೆ, ಹಣ್ಣಿನ ನೀರನ್ನು ತೆಗೆದೇ ಅದನ್ನು ಕಾಯ್ದುಕೊಂಡ ಜಾಣ್ಮೆ ಅದು.

ಹೊಳೆಯುವ ಹುಳಿ ಹಣ್ಣು ಮಿಕ್ಕಿದರೆ ಗೊಜ್ಜು ಮಾಡಿ. ಅನಾನಸ್ ಗೊಜ್ಜಿಗೆ ಹಾಕುವ ಎಳ್ಳು, ಒಣಮೆಣಸಿನಕಾಯಿ, ಕೊಬ್ಬರಿ, ಬೆಲ್ಲ ಸಾಕು, ಹುಣಸೆಹಣ್ಣು ಬೇಡ. ಒಗ್ಗರಣೆ ಮುಗಿದು ಮಸಾಲೆ ಕುದಿದ ಮೇಲೆ, ಕೊನೆಯ ಐದು ನಿಮಿಷಕ್ಕೆ ಹಣ್ಣು ಹಾಕಿದರೆ ಕಾಳು ಇಡಿಯಾಗಿ ಉಳಿಯುತ್ತವೆ. ಇದು ಜಾಮಿನಂತೆ ಬಾಳುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು.